ಬೂದಿಯೊಳಗಿನ ಕೆಂಡ: ಮೈಲೋಮಾ ಹೊತ್ತಿಕೊಳ್ಳುವ ಮುನ್ನ

ದೊಡ್ಡಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಗಬೇಕಿತ್ತು. ಅದಕ್ಕೂ ಮುಂಚೆ ರಕ್ತಪರೀಕ್ಷೆಗೆ ಹೋಗಿ ಬಂದರು. ಶುಗರ್ ಸರಿ ಇತ್ತು, ಕಿಡ್ನಿ ಸರಿ ಇತ್ತು. ರಿಪೋರ್ಟಿನಲ್ಲಿ ಒಂದೆರಡು ಸಾಲು ಮಾತ್ರ ದಪ್ಪಕ್ಷರದಲ್ಲಿದ್ದವು. ಒಟ್ಟು ಪ್ರೋಟೀನ್ 8.9. ಅದರಲ್ಲಿ ಆಲ್ಬುಮಿನ್ 3.8, ಗ್ಲಾಬ್ಯುಲಿನ್ 5.1. ಸಾಮಾನ್ಯವಾಗಿ ಆಲ್ಬುಮಿನ್ ಜಾಸ್ತಿ, ಗ್ಲಾಬ್ಯುಲಿನ್ ಕಡಿಮೆ ಇರುತ್ತದೆ. ಇಲ್ಲಿ ತಿರುಗುಮುರುಗಾಗಿತ್ತು.

"ಪ್ರೋಟೀನ್ ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ?" ಅಂದರು ದೊಡ್ಡಮ್ಮ. ಡಾಕ್ಟರು ಇನ್ನೊಂದು ಪರೀಕ್ಷೆ ಬರೆದರು. ಅದಾದ ಮೇಲೆ ಮತ್ತೊಂದು. ಕೊನೆಗೆ ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದು ನೋಡಿದರು. ಸ್ಮೋಲ್ಡರಿಂಗ್ ಮೈಲೋಮಾ ಅಂತ ಬಂತು, ಅಂದರೆ ಮೈಲೋಮಾ ಅನ್ನುವ ಮಜ್ಜೆಯ ಕ್ಯಾನ್ಸರ್ ಇನ್ನೂ ಪೂರ್ತಿ ಬೆಳೆದಿರದ ಸ್ಥಿತಿ. ಅದರ ಹಿಂದೆಯೇ ಬಂದ ಮಾತು ನಮ್ಮನ್ನು ಇನ್ನೂ ಗಲಿಬಿಲಿಗೊಳಿಸಿತು: "ಅಮ್ಮಾ, ಸದ್ಯಕ್ಕೆ ಔಷಧಿ ಏನೂ ಬೇಡ. ಮೂರು ತಿಂಗಳು ಬಿಟ್ಟು ಬನ್ನಿ."

"ಕ್ಯಾನ್ಸರಿನ ಜಾತಿ ಅಂತೀರಿ, ಔಷಧಿ ಬೇಡ ಅಂತೀರಿ. ಹಾಗಂದ್ರೆ ಏನ್ ಡಾಕ್ಟ್ರೇ?"

ಈ ಕಾಯಿಲೆಯ ಕಥೆಯೆಲ್ಲ ಆ ಪ್ರಶ್ನೆಯ ಸುತ್ತಲೇ ಇದೆ.

ನಮ್ಮ ಮೂಳೆಯ ಮಜ್ಜೆಯಲ್ಲಿ ಪ್ಲಾಸ್ಮಾ ಕಣಗಳಿರುತ್ತವೆ. ಇವು ಬಿಳಿ ರಕ್ತಕಣಗಳ ಪೈಕಿ ಒಂದು ಬಗೆ. ರೋಗಾಣುಗಳ ವಿರುದ್ಧ ಪ್ರತಿಕಾಯ ತಯಾರಿಸುವುದು ಇವುಗಳ ಕೆಲಸ. ಒಂದೊಂದು ವಂಶದ ಕಣ ಒಂದೊಂದು ತರಹದ ಪ್ರತಿಕಾಯ ಮಾಡುತ್ತದೆ. ಹಾಗಾಗಿ ಆರೋಗ್ಯವಂತರ ರಕ್ತದಲ್ಲಿ ಲೆಕ್ಕವಿಲ್ಲದಷ್ಟು ಬಗೆಯ ಪ್ರತಿಕಾಯಗಳು ಬೆರೆತಿರುತ್ತವೆ. ಎಲೆಕ್ಟ್ರೋಫೊರೆಸಿಸ್ ಪರೀಕ್ಷೆಯಲ್ಲಿ ರಕ್ತದ ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಎಳೆದು ಬೇರೆ ಬೇರೆ ಮಾಡುತ್ತಾರೆ. ಆಗ ಎಡಗಡೆ ಆಲ್ಬುಮಿನ್ನಿನ ಎತ್ತರದ ಶಿಖರ ಕಾಣುತ್ತದೆ, ಬಲತುದಿಯಲ್ಲಿ ಪ್ರತಿಕಾಯಗಳ ಅಗಲವಾದ, ತಗ್ಗಾದ ದಿಬ್ಬ. ದೊಡ್ಡಮ್ಮನ ರಿಪೋರ್ಟಿನಲ್ಲಿ ಆ ದಿಬ್ಬದ ಜಾಗದಲ್ಲಿ ಚೂಪಾದ ಗೋಪುರವೊಂದು ಎದ್ದಿತ್ತು. ಒಂದೇ ವಂಶದ ಕಣಗಳು ಹೆಚ್ಚಿಕೊಂಡು, ಒಂದೇ ಬಗೆಯ ಪ್ರತಿಕಾಯವನ್ನು ರಕ್ತಕ್ಕೆ ಸುರಿಯುತ್ತಿದ್ದವು. ಎಲ್ಲವೂ ಒಂದೇ ಅಚ್ಚಿನವು, ಆದ್ದರಿಂದ ಎಲ್ಲವೂ ಓಡಿ ಒಂದೇ ಕಡೆ ನಿಂತಿದ್ದವು. ಇದಕ್ಕೇ ಎಂ ಬ್ಯಾಂಡ್ ಅನ್ನುವುದು, ಆ ಪ್ರತಿಕಾಯಕ್ಕೆ ಎಂ ಪ್ರೋಟೀನ್ ಅನ್ನುವುದು. ಅವರದು ಡೆಸಿಲೀಟರಿಗೆ 2.4 ಗ್ರಾಂ ಇತ್ತು.

ಈ ಪ್ರೋಟೀನಿನ ಜಾಡು ಹಳೆಯದು. 1845ರಲ್ಲಿ ಲಂಡನ್ನಿನಲ್ಲಿ ಥಾಮಸ್ ಮೆಕ್‌ಬೀನ್ ಅನ್ನುವ ದಿನಸಿ ವ್ಯಾಪಾರಿ ಮೂಳೆ ನೋವಿನಿಂದ ನರಳುತ್ತಿದ್ದ. ಅವನ ಮೂತ್ರವನ್ನು ಕಾಯಿಸಿ ನೋಡಿದ ವೈದ್ಯ ವಿಲಿಯಂ ಮೆಕಿಂಟೈರ್‌ಗೆ ವಿಚಿತ್ರ ಕಂಡಿತು. ಮೊಟ್ಟೆಯ ಬಿಳಿ ಕಾಯಿಸಿದರೆ ಗಟ್ಟಿಯಾಗುತ್ತದೆ, ಹಾಗೇ ಉಳಿಯುತ್ತದೆ. ಈ ಮೂತ್ರದಲ್ಲಿದ್ದ ಪ್ರೋಟೀನ್ ಕಾವಿಗೆ ಕರಗುತ್ತಿತ್ತು, ತಣ್ಣಗಾದಾಗ ಮತ್ತೆ ಮೋಡದ ಹಾಗೆ ಕಟ್ಟಿಕೊಳ್ಳುತ್ತಿತ್ತು. ಹೆನ್ರಿ ಬೆನ್ಸ್ ಜೋನ್ಸ್ ಅದನ್ನು ಪರೀಕ್ಷಿಸಿ ವಿವರಿಸಿದರು. ಅದಕ್ಕೆ ಇವತ್ತಿಗೂ ಅವರದೇ ಹೆಸರು. ಪ್ರತಿಕಾಯದ ಒಂದು ತುಂಡು ಅದು, ಲೈಟ್ ಚೈನ್. ಅದನ್ನೇ ನಾವು ಈಗ ರಕ್ತದಲ್ಲಿ ಅಳೆಯುತ್ತೇವೆ. ಮೆಕ್‌ಬೀನ್ 1846ರ ಹೊಸ ವರ್ಷದ ದಿನ ತೀರಿಕೊಂಡ. ಕಾಯಿಲೆ ಕಣ್ಣಿಗೆ ಬೀಳುವ ಹೊತ್ತಿಗೆ ಅವನ ಮೂಳೆಗಳು ಪುಡಿಯಾಗುವ ಸ್ಥಿತಿಯಲ್ಲಿದ್ದವು. ಪೂರ್ತಿ ಬೆಳೆದ ಮೈಲೋಮಾ ಮಾಡುವುದು ಅದನ್ನೇ.

ಆದರೆ ಎಲ್ಲರಲ್ಲೂ ಅದು ಅಲ್ಲಿಗೆ ಹೋಗಿ ಮುಟ್ಟುವುದಿಲ್ಲ. 1980ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ರಾಬರ್ಟ್ ಕೈಲ್ ಮತ್ತು ಫಿಲಿಪ್ ಗ್ರೈಪ್ ಆರು ಜನರ ಬಗ್ಗೆ ಬರೆದರು. ಪರೀಕ್ಷೆಗಳ ಪ್ರಕಾರ ಅವರಿಗೆ ಮೈಲೋಮಾ ಇತ್ತು. ಆದರೆ ಔಷಧಿಯಿಲ್ಲದೆಯೇ ವರ್ಷಗಟ್ಟಲೆ ಕಾಯಿಲೆ ಇದ್ದಲ್ಲೇ ಇತ್ತು. ಹೊಗೆಯಾಡುತ್ತಿದೆ, ಉರಿ ಎದ್ದಿಲ್ಲ ಅನ್ನುವ ಅರ್ಥದಲ್ಲಿ 'ಸ್ಮೋಲ್ಡರಿಂಗ್' ಅಂದರು.

ಇದನ್ನು ದೊಡ್ಡಮ್ಮನಿಗೆ ಹೇಳಿದಾಗ ಅವರಿಗೆ ತಟ್ಟನೆ ಅರ್ಥವಾಯಿತು. ಅವರ ಅಮ್ಮ ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಟ್ಟು, ಬೆಳಿಗ್ಗೆ ಕೆದಕಿ ಊದುಕೊಳವೆಯಲ್ಲಿ ಊದುತ್ತಿದ್ದರಂತೆ. "ಕೆಲವು ದಿನ ಭಗ್ ಅಂತ ಹತ್ತಿಕೊಳ್ಳೋದು. ಕೆಲವು ದಿನ ತಣ್ಣಗಾಗಿರೋದು, ಪಕ್ಕದ ಮನೆಯಿಂದ ಕೆಂಡ ತರಬೇಕಾಗೋದು" ಅಂದರು. ಇದಕ್ಕಿಂತ ಚೆನ್ನಾಗಿ ನನಗಂತೂ ಹೇಳೋಕೆ ಬರುವುದಿಲ್ಲ.

ಯಾವ ಕೆಂಡ ಹತ್ತಿಕೊಳ್ಳುತ್ತದೆ? 2007ರಲ್ಲಿ ಕೈಲ್ ತಂಡ ಇಂಥ 276 ಜನರ ಲೆಕ್ಕ ಕೊಟ್ಟಿತು. ಮೊದಲ 5 ವರ್ಷ, ವರ್ಷಕ್ಕೆ ಸುಮಾರು ಶೇ 10ರಷ್ಟು ಜನರಿಗೆ ಕಾಯಿಲೆ ಬಲಿಯಿತು. ಮುಂದಿನ 5 ವರ್ಷ, ವರ್ಷಕ್ಕೆ ಸುಮಾರು ಶೇ 3. ಆಮೇಲೆ ಶೇ 1. ಅಂದರೆ ಹೊತ್ತಿಕೊಳ್ಳುವವರು ಹೆಚ್ಚಾಗಿ ಮೊದಲ ವರ್ಷಗಳಲ್ಲೇ ಹೊತ್ತಿಕೊಳ್ಳುತ್ತಾರೆ. ದಿನ ಕಳೆದಷ್ಟೂ ಅಪಾಯ ಇಳಿಯುತ್ತದೆ. ಈ ಒಂದು ಮಾತನ್ನು ರೋಗಿಗಳಿಗೆ ಯಾರಾದರೂ ಗಟ್ಟಿಯಾಗಿ ಹೇಳಬೇಕು ಅಂತ ನನಗೆ ಅನ್ನಿಸುತ್ತದೆ. ಬಹಳ ಜನ ಇದಕ್ಕೆ ಉಲ್ಟಾ ಅಂದುಕೊಂಡು, ವರ್ಷ ವರ್ಷಕ್ಕೂ ಭಯ ಹೆಚ್ಚಿಸಿಕೊಳ್ಳುತ್ತಾರೆ.

ಇದು ತೀರಾ ಅಪರೂಪವೂ ಅಲ್ಲ. ಐಸ್‌ಲ್ಯಾಂಡಿನಲ್ಲಿ 40 ದಾಟಿದ ಜನರಿಗೆ ದೇಶದ ತುಂಬಾ ಪರೀಕ್ಷೆ ಮಾಡಿದರು, 80,000ಕ್ಕೂ ಹೆಚ್ಚು ಜನ ಒಪ್ಪಿಕೊಂಡರು. ಸುಮಾರು 200ರಲ್ಲಿ ಒಬ್ಬರಿಗೆ ಈ ಸ್ಥಿತಿ ಇರಬಹುದು ಅಂತ ಲೆಕ್ಕ ಸಿಕ್ಕಿತು. ರಕ್ತ ಪರೀಕ್ಷೆ ಮಾಡಿಸದೇ ಇದ್ದರೆ ಇವರಲ್ಲಿ ಹೆಚ್ಚಿನವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಚಿಕಿತ್ಸೆ ಯಾವಾಗ ಶುರು ಮಾಡಬೇಕು ಅನ್ನುವುದಕ್ಕೆ ಮೊದಲು ಒಂದೇ ಗೆರೆ ಇತ್ತು: ದೇಹಕ್ಕೆ ಪೆಟ್ಟು ಬಿದ್ದಿದೆಯಾ? ರಕ್ತದಲ್ಲಿ ಕ್ಯಾಲ್ಸಿಯಂ ಏರಿದೆಯಾ, ಕಿಡ್ನಿ ಸೋತಿದೆಯಾ, ರಕ್ತಹೀನತೆ ಬಂದಿದೆಯಾ, ಮೂಳೆಯಲ್ಲಿ ತೂತು ಬಿದ್ದಿದೆಯಾ? ಈ ನಾಲ್ಕರಲ್ಲಿ ಒಂದಾದರೂ ಮೈಲೋಮಾದಿಂದ ಆಗಿದ್ದರೆ ಚಿಕಿತ್ಸೆ ಶುರು. ಇದರಲ್ಲೊಂದು ಕಷ್ಟ ಇತ್ತು. ಬೆನ್ನುಮೂಳೆ ಕುಸಿಯುವವರೆಗೆ, ಕಿಡ್ನಿ ಹಾಳಾಗುವವರೆಗೆ ಕಾದ ಹಾಗಾಗುತ್ತಿತ್ತು.

2014ರಲ್ಲಿ ಅಂತರರಾಷ್ಟ್ರೀಯ ಮೈಲೋಮಾ ತಂಡ ಈ ಗೆರೆಯನ್ನು ಹಿಂದಕ್ಕೆ ಸರಿಸಿತು. ಆ ಪ್ರಬಂಧದ ಮೊದಲ ಹೆಸರು ವಿನ್ಸೆಂಟ್ ರಾಜ್‌ಕುಮಾರ್ ಅವರದು. ನಮ್ಮ ಪಕ್ಕದ ವೆಲ್ಲೂರಿನಲ್ಲಿ ಡಾಕ್ಟರಿಕೆ ಓದಿ ಮೇಯೊ ಕ್ಲಿನಿಕ್‌ಗೆ ಹೋದವರು. ಮಜ್ಜೆಯಲ್ಲಿ ಪ್ಲಾಸ್ಮಾ ಕಣಗಳು ಶೇ 60 ಮುಟ್ಟಿದರೆ, ಲೈಟ್ ಚೈನ್‌ಗಳ ಅನುಪಾತ (ಕಾಯಿಲೆಯ ಕಣಗಳು ಮಾಡುವ ಬಗೆ ಇನ್ನೊಂದು ಬಗೆಗಿಂತ ಎಷ್ಟು ಪಟ್ಟು ಇದೆ ಅನ್ನುವುದು) 100 ಮುಟ್ಟಿದರೆ, ಅಥವಾ ಎಂಆರ್‌ಐನಲ್ಲಿ ಒಂದಕ್ಕಿಂತ ಹೆಚ್ಚು ಗಡ್ಡೆ ಕಂಡರೆ, ಪೆಟ್ಟು ಬೀಳುವವರೆಗೆ ಕಾಯಬೇಡಿ, ಅದನ್ನೂ ಮೈಲೋಮಾ ಅಂತಲೇ ಎಣಿಸಿ ಅಂದರು. ಹೀಗಾಗಿ ಸ್ಮೋಲ್ಡರಿಂಗ್ ಅನ್ನುವ ಗುಂಪಿನಿಂದ ಅತಿ ಅಪಾಯದಲ್ಲಿದ್ದವರು ಹೊರಗೆ ಹೋದರು.

ಉಳಿದವರಲ್ಲೂ ಎಲ್ಲರೂ ಸಮ ಅಲ್ಲ. ಅವರನ್ನು ವಿಂಗಡಿಸಲು 20, 2, 20 ಅನ್ನುವ ಲೆಕ್ಕ ಇದೆ. ಮಜ್ಜೆಯಲ್ಲಿ ಪ್ಲಾಸ್ಮಾ ಕಣ ಶೇ 20ಕ್ಕಿಂತ ಜಾಸ್ತಿ ಇದೆಯಾ? ಎಂ ಪ್ರೋಟೀನ್ 2 ಗ್ರಾಂ ದಾಟಿದೆಯಾ? ಲೈಟ್ ಚೈನ್ ಅನುಪಾತ 20 ದಾಟಿದೆಯಾ? ಮೂರರಲ್ಲಿ ಒಂದೂ ಇಲ್ಲದಿದ್ದರೆ ಮುಂದಿನ 2 ವರ್ಷದಲ್ಲಿ ಕಾಯಿಲೆ ಬಲಿಯುವ ಸಾಧ್ಯತೆ ಸುಮಾರು ಶೇ 6. ಒಂದಿದ್ದರೆ ಸುಮಾರು ಶೇ 18. ಎರಡು ಅಥವಾ ಮೂರೂ ಇದ್ದರೆ ಶೇ 44ರ ಹತ್ತಿರ. ದೊಡ್ಡಮ್ಮನ ಮಜ್ಜೆ ಶೇ 18, ಅನುಪಾತ 14. ದಾಟಿದ್ದು ಎಂ ಪ್ರೋಟೀನ್ ಒಂದೇ. ನಡುವಿನ ಗುಂಪು.

ಒಂದು ಸಲದ ಅಂಕಿಗಿಂತ ಅಂಕಿಯ ನಡಿಗೆ ಮುಖ್ಯ. 2.4 ಅನ್ನುವುದು ಎರಡು ವರ್ಷ 2.4 ಆಗಿಯೇ ಇದ್ದರೆ ಒಂದು ಕಥೆ. ಆರು ತಿಂಗಳಲ್ಲಿ 2.4 ಹೋಗಿ 2.9, ಜೊತೆಗೆ ಹಿಮೋಗ್ಲೋಬಿನ್ ಇಳಿಯುತ್ತಾ ಬಂದರೆ ಅದು ಬೇರೆಯೇ ಕಥೆ. ಅದಕ್ಕೇ ಮೊದಮೊದಲು ಮೂರು ತಿಂಗಳಿಗೊಮ್ಮೆ ಬನ್ನಿ ಅನ್ನುವುದು. ಆ ಮೂರು ತಿಂಗಳು ಸುಮ್ನೆ ಕಳೆದ ಸಮಯ ಅಲ್ಲ. ಕಾಯಿಲೆ ಯಾವ ಜಾತಿಯದು ಅಂತ ಅದರ ಬಾಯಿಂದಲೇ ಹೇಳಿಸುವ ಪರೀಕ್ಷೆ ಅದು. ಹಾಗಾಗಿ ಹಳೆಯ ರಿಪೋರ್ಟುಗಳನ್ನು ಒಂದನ್ನೂ ಬಿಸಾಡಬೇಡಿ. ಆದಷ್ಟೂ ಒಂದೇ ಲ್ಯಾಬಿನಲ್ಲಿ ಮಾಡಿಸಿ. ಲ್ಯಾಬ್ ಬದಲಾದರೆ ಅಂಕಿ ಕಾಯಿಲೆಯಿಂದ ಏರಿತೋ ಅಳತೆಯ ವ್ಯತ್ಯಾಸದಿಂದ ಏರಿತೋ ತಿಳಿಯುವುದಿಲ್ಲ.

ಬೇಗ ಔಷಧಿ ಕೊಟ್ಟರೆ ಒಳ್ಳೆಯದಾಗುತ್ತದಾ? ಹಿಂದೆ ಮೆಲ್ಫಲಾನ್ ಅನ್ನುವ ಕೀಮೋ ಮಾತ್ರೆ ಕೊಟ್ಟು ನೋಡಿದ್ದರು. ಆಯಸ್ಸು ಹೆಚ್ಚಲಿಲ್ಲ. ಹಾಗಾಗಿ ಕಾಯುವುದೇ ಸರಿ ಅಂತಾಯಿತು. 2013ರಲ್ಲಿ ಸ್ಪೇನಿನ ಮರಿಯಾ ವಿಕ್ಟೋರಿಯಾ ಮಟೆಯೋಸ್ ತಂಡ ಈ ನಂಬಿಕೆಯನ್ನು ಅಲುಗಾಡಿಸಿತು. ಹೆಚ್ಚು ಅಪಾಯದ 119 ಜನರಲ್ಲಿ ಅರ್ಧ ಜನಕ್ಕೆ ಲೆನಾಲಿಡೊಮೈಡ್ ಮತ್ತು ಡೆಕ್ಸಾಮೆಥಾಸೋನ್ ಕೊಟ್ಟರು. 3 ವರ್ಷದ ನಂತರ ಔಷಧಿ ತೆಗೆದುಕೊಂಡವರಲ್ಲಿ ಶೇ 94, ಸುಮ್ಮನೆ ಕಾದವರಲ್ಲಿ ಶೇ 80 ಜನ ಬದುಕಿದ್ದರು. ಆದರೆ ಆಗ ಎಲ್ಲರಿಗೂ ಎಂಆರ್‌ಐ ಮಾಡಿರಲಿಲ್ಲ. ಆಗಲೇ ಮೈಲೋಮಾ ಇದ್ದವರೂ ಆ ಗುಂಪಿನಲ್ಲಿ ಸೇರಿಕೊಂಡಿರಬಹುದು ಅನ್ನುವ ಆಕ್ಷೇಪ ಬಂತು. ಆಕ್ಷೇಪ ಸರಿಯಾದದ್ದೇ.

ಆಮೇಲೆ ಬಂದದ್ದು ಅಕ್ವಿಲಾ ಅನ್ನುವ ಅಧ್ಯಯನ. 2024ರ ಕೊನೆಗೆ ಫಲಿತಾಂಶ ಸಿಕ್ಕಿತು. 390 ಜನ. ಅರ್ಧ ಜನಕ್ಕೆ ಡಾರಾಟುಮುಮ್ಯಾಬ್ ಇಂಜೆಕ್ಷನ್, ಹೊಟ್ಟೆಯ ಚರ್ಮದ ಕೆಳಗೆ. ಮೊದಲು ವಾರಕ್ಕೊಂದು, ಆಮೇಲೆ ಎರಡು ವಾರಕ್ಕೊಂದು, ಆಮೇಲೆ ನಾಲ್ಕು ವಾರಕ್ಕೊಂದು. ಹೆಚ್ಚೆಂದರೆ 3 ವರ್ಷ. 5 ವರ್ಷದ ನಂತರ ನೋಡಿದರೆ, ಕಾಯಿಲೆ ಬಲಿಯದೆ ಬದುಕಿದ್ದವರು ಇಂಜೆಕ್ಷನ್ ಗುಂಪಿನಲ್ಲಿ ಶೇ 63.1, ಕಾದವರ ಗುಂಪಿನಲ್ಲಿ ಶೇ 40.8. ಬದುಕುಳಿದವರ ಲೆಕ್ಕ ಶೇ 93 ಮತ್ತು ಶೇ 86.9. 2025ರಲ್ಲಿ ಯುರೋಪು ಮತ್ತು ಅಮೆರಿಕ ಎರಡೂ ಕಡೆ, ಹೆಚ್ಚು ಅಪಾಯದ ಸ್ಮೋಲ್ಡರಿಂಗ್ ಮೈಲೋಮಾಕ್ಕೆ ಈ ಔಷಧಿಗೆ ಒಪ್ಪಿಗೆ ಸಿಕ್ಕಿತು.

ಆ ಶೇ 40.8ರ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಹೆಚ್ಚು ಅಪಾಯ ಅಂತ ಆರಿಸಿದ ಜನರಲ್ಲೇ, ಒಂದೂ ಇಂಜೆಕ್ಷನ್ ಇಲ್ಲದೆ, 10ರಲ್ಲಿ 4 ಜನ 5 ವರ್ಷ ಚೆನ್ನಾಗಿಯೇ ಇದ್ದರು. ಅವರಿಗೆಲ್ಲ ಔಷಧಿ ಕೊಟ್ಟಿದ್ದರೆ ಬೇಡದ ಔಷಧಿ ಕೊಟ್ಟ ಹಾಗಾಗುತ್ತಿತ್ತು. ಡಾರಾಟುಮುಮ್ಯಾಬ್ ಒಳ್ಳೆಯ ಪ್ಲಾಸ್ಮಾ ಕಣಗಳನ್ನೂ ಕಡಿಮೆ ಮಾಡುತ್ತದೆ. ಹಾಗಾಗಿ ನ್ಯುಮೋನಿಯಾದಂಥ ಸೋಂಕು ಬೇಗ ಹಿಡಿಯುತ್ತದೆ. ಖರ್ಚಂತೂ ಸಾಮಾನ್ಯ ಮನೆಗೆ ತಡೆಯುವಂಥದ್ದಲ್ಲ. ಇನ್ನೊಂದು ಕಡೆ, ಕಾದು ಕೂತಾಗ ಬೆನ್ನುಮೂಳೆ ಮುರಿದರೆ ಅದು ಮೊದಲಿನ ಹಾಗೆ ಆಗುವುದಿಲ್ಲ. ಯಾರು ಆ 4 ಜನ, ಯಾರು ಉಳಿದ 6 ಜನ ಅಂತ ಮೊದಲೇ ಖಚಿತವಾಗಿ ಹೇಳುವ ಪರೀಕ್ಷೆ ಇನ್ನೂ ಕೈಗೆ ಬಂದಿಲ್ಲ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಮೂರು ಲೆಕ್ಕದಲ್ಲಿ ಎರಡು ದಾಟಿದವರು, ಅದರಲ್ಲೂ ಅಂಕಿಗಳು ಏರುತ್ತಿರುವವರು, ಚಿಕಿತ್ಸೆಯ ಮಾತನ್ನು ತಾವಾಗಿಯೇ ಎತ್ತಬೇಕು. ಮೈಲೋಮಾವನ್ನೇ ಹೆಚ್ಚು ನೋಡುವ ಇನ್ನೊಬ್ಬ ಡಾಕ್ಟರ ಅಭಿಪ್ರಾಯವನ್ನೂ ಕೇಳಬೇಕು. ಉಳಿದವರು ಭಯಕ್ಕೆ ಬಿದ್ದು ಔಷಧಿಗೆ ಹಠ ಹಿಡಿಯಬಾರದು. ಮೊದಲ ಎಂಆರ್‌ಐ ಅಥವಾ ಪೆಟ್ ಸ್ಕ್ಯಾನ್ ಮಾತ್ರ ಯಾರೂ ತಪ್ಪಿಸಬಾರದು. ಮೂಳೆ ಚೆನ್ನಾಗಿದೆ ಅಂತ ಕಣ್ಣಾರೆ ನೋಡದೆ ಕಾಯುವುದು ಸರಿಯಲ್ಲ.

ಮನೆಯಲ್ಲಿ ಕೆಲವು ಅಭ್ಯಾಸ ಬದಲಾದವು. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುವುದು ನಿಂತಿತು. ಅಂಥ ಮಾತ್ರೆಗಳಲ್ಲಿ ಕೆಲವು ಕಿಡ್ನಿಗೆ ಭಾರ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಿದೆವು. ಹೊಸದಾಗಿ ಶುರುವಾಗಿ ಬಿಡದ ಬೆನ್ನುನೋವು, ಕಾರಣವಿಲ್ಲದ ಸುಸ್ತು, ಸಿಕ್ಕಾಪಟ್ಟೆ ಬಾಯಾರಿಕೆ, ಮತ್ತೆ ಮತ್ತೆ ಜ್ವರ ಬಂದರೆ ಮೂರು ತಿಂಗಳು ಕಾಯದೆ ಬರಬೇಕು ಅಂತ ಡಾಕ್ಟರು ಹೇಳಿದ್ದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇವೆ. ಕಷ್ಟ ಇರುವುದು ರಕ್ತ ಕೊಟ್ಟು ರಿಪೋರ್ಟು ಬರುವವರೆಗಿನ ನಾಲ್ಕು ದಿನ. ಆ ದಿನಗಳಲ್ಲಿ ದೊಡ್ಡಮ್ಮ ಮಾತು ಕಡಿಮೆ ಮಾಡುತ್ತಾರೆ. ನಾವ್ಯಾರೂ ಸಮಾಧಾನ ಹೇಳಲು ಹೋಗುವುದಿಲ್ಲ. ಜೊತೆಗೆ ಕೂತು ಅವರೆಕಾಳು ಬಿಡಿಸುತ್ತೇವೆ.

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅವರೇ ಗೆರೆ ಎಳೆದುಕೊಂಡಿದ್ದಾರೆ. ತಾರೀಕು, ಎಂ ಬ್ಯಾಂಡ್, ಹಿಮೋಗ್ಲೋಬಿನ್. 2.4, 2.3, 2.5, 2.4, 2.4. ಕಣ್ಣಿನ ಆಪರೇಷನ್ ಮುಗಿದು ಒಂದು ವರ್ಷವಾಯಿತು. ಈಗ ಅಂಕಿಗಳನ್ನು ಕನ್ನಡಕವಿಲ್ಲದೆ ಅವರೇ ಓದಿ, ಅವರೇ ಬರೆಯುತ್ತಾರೆ.