ಮಂಜುಗಡ್ಡೆ ಕಲಿಸಿದ ಡ್ರೈವಿಂಗ್

ಫ್ರೀಜರ್‌ನಿಂದ ಆಗಷ್ಟೇ ತೆಗೆದ ಐಸ್ ತುಂಡನ್ನು ಬೆರಳಿಂದ ಒತ್ತಿ ನೋಡಿ. ಚರ್ಮಕ್ಕೆ ಅಂಟಿಕೊಳ್ಳುತ್ತದೆ. ತಟ್ಟೆಯಲ್ಲಿ ಎರಡು ನಿಮಿಷ ಬಿಟ್ಟು ಮತ್ತೆ ಮುಟ್ಟಿ. ಈಗ ಪುಳಕ್ಕನೆ ಜಾರಿಕೊಂಡು ಹೋಗುತ್ತದೆ. ತುಂಡು ಅದೇ, ಆದರೆ ಮೇಲೊಂದು ತೆಳುವಾದ ನೀರಿನ ಪದರ ಬಂದಿದೆ.

ಇಂಥ ನೆಲದ ಮೇಲೆ ಕಾರ್ ಓಡಿಸಿ 10 ಸಲ ಚಾಂಪಿಯನ್ ಆದವರು ಫ್ರಾನ್ಸಿನ ಇವಾನ್ ಮುಲ್ಲರ್. ಹುಟ್ಟಿದ್ದು 1969ರಲ್ಲಿ, ಅಲ್ಸಾಸ್ ಪ್ರಾಂತ್ಯದಲ್ಲಿ. ಅಕ್ಕ ಕ್ಯಾತಿ ಕೂಡ ರೇಸ್ ಡ್ರೈವರ್. ಚಳಿಗಾಲದಲ್ಲಿ ವಾಲ್ ಥೋರೆನ್ಸ್‌ನಂಥ ಆಲ್ಪ್ಸ್ ಊರುಗಳಲ್ಲಿ ನಡೆಯುತ್ತಿದ್ದ ಟ್ರೋಫೆ ಆಂದ್ರೋಸ್ ಎಂಬ ಐಸ್ ರೇಸನ್ನು 1996ರಿಂದ 2006ರೊಳಗೆ ಇವಾನ್ ಗೆದ್ದದ್ದೇ ಗೆದ್ದದ್ದು.

ಕಾರಿನ ಭಾರಕ್ಕೆ ಐಸ್ ಕರಗಿ ಜಾರುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಅದು ಪೂರ್ತಿ ಸರಿಯಲ್ಲ. ಟಯರಿನ ಒತ್ತಡಕ್ಕೆ ಐಸ್ ಕರಗುವ ಉಷ್ಣಾಂಶ ಒಂದು ಡಿಗ್ರಿಯ ನೂರರಲ್ಲಿ ಒಂದೆರಡು ಪಾಲು ಇಳಿದರೆ ಹೆಚ್ಚು. ಐಸಿನ ಮೇಲ್ಮೈಯ ಅಣುಗಳಿಗೆ ಮೇಲಿನಿಂದ ಹಿಡಿತ ಇರುವುದಿಲ್ಲ, ಹಾಗಾಗಿ ಅವು ಮೊದಲೇ ಸಡಿಲ. ಮೇಲೆ ಚಕ್ರ ಉಜ್ಜಿದಾಗ ಹುಟ್ಟುವ ಬಿಸಿ ಉಳಿದ ಕೆಲಸ ಮಾಡುತ್ತದೆ. ಹೀಗಾಗಿ ಸೊನ್ನೆ ಡಿಗ್ರಿಯ ಹತ್ತಿರದ ಐಸ್ ಕೊರೆಯುವ ಐಸಿಗಿಂತ ಜಾಸ್ತಿ ಅಪಾಯ.

ಒಣ ಡಾಂಬರಿನಲ್ಲಿ ಗಂಟೆಗೆ 50 ಕಿ.ಮೀ. ವೇಗದ ಕಾರ್ ಬ್ರೇಕ್ ಒತ್ತಿದ ಮೇಲೆ 12 ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಮಾಮೂಲಿ ಟಯರ್ ಹಾಕಿಕೊಂಡು ಐಸ್ ಮೇಲೆ ಹೋದರೆ 100 ಮೀಟರ್ ಬೇಕಾದೀತು. ರೇಸ್ ಟಯರಿಗೆ ಲೋಹದ ಮೊಳೆ ಬಡಿದಿರುತ್ತಾರೆ, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುತ್ತದೆ. ಆದರೂ ತಿರುವಿನಲ್ಲಿ ಸುಮ್ನೆ ಸ್ಟೀರಿಂಗ್ ತಿರುಗಿಸಿದರೆ ಕಾರ್ ಕೇಳುವುದಿಲ್ಲ, ನೇರ ಹೋಗುತ್ತದೆ.

ಆಗ ಕೈಗಿಂತ ಕಾಲು ಮುಖ್ಯ. ಬ್ರೇಕ್ ತಟ್ಟಿದರೆ ಭಾರ ಮುಂದಕ್ಕೆ ವಾಲುತ್ತದೆ. ಮುಂದಿನ ಚಕ್ರಕ್ಕೆ ಹಿಡಿತ ಸಿಗುತ್ತದೆ, ಹಗುರಾದ ಹಿಂಭಾಗ ಹೊರಕ್ಕೆ ತೂಗುತ್ತದೆ. ಆ ತೂಗಾಟದಲ್ಲೇ ಕಾರ್ ತಿರುಗಬೇಕು. ಅದೂ ತಿರುವು ಬರುವ ಮೊದಲೇ ಶುರುವಾಗಬೇಕು. ನೋಡುವುದಕ್ಕೆ ಎಷ್ಟು ಚೆಂದ, ಅಲ್ವಾ? ಒಳಗೆ ಕೂತವರಿಗೆ ಅದು ಭಾರದ ಲೆಕ್ಕ.

ಅದೇ ಲೆಕ್ಕ ಡಾಂಬರಿನಲ್ಲೂ ಮುಲ್ಲರ್ ಅವರ ಕೈ ಹಿಡಿಯಿತು ಅಂತ ನನಗನ್ನಿಸುತ್ತದೆ. ಅವರು ಓಡಿಸಿದ ಷೆವ್ರೊಲೆ ಕ್ರೂಜ್‌ನಂಥ ಟೂರಿಂಗ್ ಕಾರುಗಳಿಗೆ (ರಸ್ತೆ ಕಾರನ್ನೇ ರೇಸಿಗೆ ಸಜ್ಜು ಮಾಡಿದವು) ಎಂಜಿನ್ ಬಲ ಹೋಗುವುದು ಮುಂದಿನ ಚಕ್ರಕ್ಕೆ. ಎಳೆಯುವುದು, ತಿರುಗಿಸುವುದು, ಬಹುಪಾಲು ಬ್ರೇಕ್, ಎಲ್ಲ ಆ ಎರಡೇ ಟಯರ್ ಮಾಡಬೇಕು. ಟಯರಿನ ಹಿಡಿತಕ್ಕೆ ಒಂದು ಮಿತಿಯಿದೆ. ಬ್ರೇಕಿಗೆ ಪೂರ್ತಿ ಕೊಟ್ಟರೆ ತಿರುವಿಗೆ ಏನೂ ಉಳಿಯುವುದಿಲ್ಲ. ಇಂಥ ಕಾರುಗಳಲ್ಲಿ ಮುಲ್ಲರ್ ಗೆದ್ದದ್ದು: 2003ರಲ್ಲಿ ಬ್ರಿಟಿಷ್ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್, 2008ರಲ್ಲಿ ಸೀಟ್ ಎಂಬ ಸ್ಪೇನಿನ ಕಂಪನಿಯ ಡೀಸೆಲ್ ಕಾರಿನಲ್ಲಿ ವಿಶ್ವ ಪಟ್ಟ, ಮತ್ತೆ 2010, 2011, 2013.

2020ರ ವಿಶ್ವ ಟೂರಿಂಗ್ ಕಾರ್ ಕಪ್ ಗೆದ್ದದ್ದು ಅಕ್ಕ ಕ್ಯಾತಿಯ ಮಗ ಯಾನ್ ಎರ್ಲಾಶೆರ್. ಎರಡನೇ ಸ್ಥಾನದಲ್ಲಿ ಸೋದರಮಾವ ಇವಾನ್.