ನೆಟ್ಟಗೆ ಕೂರುವ ಚಿಂತೆಯೂ ನೋಯುವ ಬೆನ್ನೂ

ಬೆನ್ನುನೋವೆಂದು ಫಿಸಿಯೋಥೆರಪಿಗೆ ಬರುವವರಲ್ಲಿ ಅನೇಕರು ‘ನಾನು ಕೂರುವ ರೀತಿಯೇ ಸರಿಯಿಲ್ಲ, ಡಾಕ್ಟ್ರೇ’ ಎಂದೇ ಮಾತು ಆರಂಭಿಸುತ್ತಾರೆ. ಚಿಕ್ಕಂದಿನಿಂದ ‘ನೆಟ್ಟಗೆ ಕೂತ್ಕೋ’ ಎಂದು ಹೇಳಿಸಿಕೊಂಡು ಬೆಳೆದವರು ನೋವಿಗೆ ತಮ್ಮನ್ನೇ ಹೊಣೆ ಮಾಡಿಕೊಳ್ಳುವುದು ಸಹಜ. ಆದರೆ ಇಂಥವರು ಪರೀಕ್ಷೆಗೆ ಕೂತಾಗ ನಾನು ನೋಡುವುದು ಬಾಗಿದ ಬೆನ್ನಿಗಿಂತ ಹೆಚ್ಚಾಗಿ, ಸದಾ ಬಿಗಿಹಿಡಿದ ಬೆನ್ನನ್ನು.

ಬೆನ್ನುಮೂಳೆ ನೆಟ್ಟಗಿನ ಕಂಬವಲ್ಲ. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5, ಹೀಗೆ ಚಲಿಸಬಲ್ಲ 24 ಕಶೇರುಗಳು ಸಹಜವಾದ ಬಾಗುಗಳಲ್ಲಿ ಜೋಡಣೆಯಾಗಿವೆ. ಅವುಗಳ ನಡುವಿನ ಡಿಸ್ಕ್‌ಗಳಿಗೆ, ವಯಸ್ಕರಲ್ಲಿ, ಹೊರ ಅಂಚನ್ನು ಬಿಟ್ಟರೆ ರಕ್ತನಾಳಗಳೇ ಇಲ್ಲ. ಪಕ್ಕದ ಮೂಳೆಯಿಂದ ನಿಧಾನವಾಗಿ ಒಸರಿ ಬರುವುದೇ ಅವುಗಳ ಪೋಷಣೆ. ಭಾರ ಬಿದ್ದಾಗ ಸ್ಪಂಜಿನಂತೆ ನೀರನ್ನು ಬಿಟ್ಟುಕೊಟ್ಟು, ಭಾರ ಇಳಿದಾಗ ಮತ್ತೆ ಹೀರಿಕೊಳ್ಳುತ್ತವೆ. ಬೆಳಿಗ್ಗೆ ಏಳುವಾಗ ನಮ್ಮ ಎತ್ತರ ಸಂಜೆಗಿಂತ ಸುಮಾರು ಒಂದರಿಂದ ಎರಡು ಸೆಂಟಿಮೀಟರ್ ಹೆಚ್ಚಿರುವುದು ಇದರಿಂದಲೇ. ಇಂಥ ರಚನೆಗೆ ಒಂದೇ ಸಮನೆ ಹಿಡಿದ ಯಾವ ಭಂಗಿಯೂ, ಅದು ಚಿತ್ರಪಟದಲ್ಲಿ ತೋರಿಸುವಷ್ಟು ನೇರವಾಗಿದ್ದರೂ, ಒಗ್ಗುವುದಿಲ್ಲ. ತಲೆಯ ತೂಕ ಸುಮಾರು ನಾಲ್ಕೂವರೆಯಿಂದ ಐದು ಕಿಲೋ. ಮೊಬೈಲ್ ನೋಡಲು ಅದನ್ನು ಮುಂದಕ್ಕೆ ಬಾಗಿಸಿದಷ್ಟೂ ಕುತ್ತಿಗೆಯ ಹಿಂದಿನ ಸ್ನಾಯುಗಳಿಗೆ ಕೆಲಸ ಹೆಚ್ಚುತ್ತದೆ ಎಂಬುದು ನಿಜ. ಐದು ನಿಮಿಷ ಹಾಗೆ ಬಾಗಿದರೆ ಏನೂ ಆಗುವುದಿಲ್ಲ, ಎರಡು ಗಂಟೆ ಅಲುಗಾಡದೆ ಹಾಗೆಯೇ ಇದ್ದರೆ ಸ್ನಾಯು ದಣಿಯುತ್ತದೆ.

ಇನ್ನು ಎಂ.ಆರ್.ಐ. ವರದಿಯ ಮಾತು. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಕಲೆಹಾಕಿ 2015ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, 20ರ ವಯಸ್ಸಿನವರಲ್ಲೇ ಶೇ. 37ರಷ್ಟು ಜನರಿಗೆ ಡಿಸ್ಕ್ ಸವೆತ ಕಂಡಿತ್ತು; 80ರ ವಯಸ್ಸಿನವರಲ್ಲಿ ಅದು ಶೇ. 96. ಅಂದರೆ ವರದಿಯಲ್ಲಿನ ‘ಸವೆತ’ ಎಷ್ಟೋ ಸಲ ನರೆಗೂದಲಿನಷ್ಟೇ ಸಾಮಾನ್ಯ. ಇದನ್ನು ಬಿಡಿಸಿ ಹೇಳದೆ ವರದಿಯನ್ನು ಮಾತ್ರ ಕೈಗಿತ್ತು ಕಳಿಸಿದರೆ, ರೋಗಿ ಅಂದಿನಿಂದಲೇ ಬಗ್ಗುವುದನ್ನು, ಮಗುವನ್ನು ಎತ್ತಿಕೊಳ್ಳುವುದನ್ನು ಬಿಡುತ್ತಾನೆ.

ಆ ಭಯ ದೇಹದಲ್ಲಿ ಹೇಗೆ ಮನೆಮಾಡುತ್ತದೆ ಎಂಬುದನ್ನು ನೋಡಲು ಉಪಕರಣ ಬೇಕಿಲ್ಲ, ಚಪ್ಪಲಿ ಬಿಚ್ಚಲು ಬಗ್ಗುವುದನ್ನು ಗಮನಿಸಿದರೆ ಸಾಕು. ಉಸಿರು ನಿಲ್ಲುತ್ತದೆ, ದವಡೆ ಬಿಗಿಯುತ್ತದೆ, ಒಂದು ಕೈ ಮೇಜನ್ನು ಹಿಡಿಯುತ್ತದೆ, ಸೊಂಟ ಬಾಗುವ ಬದಲು ಮಂಡಿಗಳು ಮಡಚುತ್ತವೆ. ಆರೋಗ್ಯವಂತರು ಪೂರ್ತಿ ಮುಂದಕ್ಕೆ ಬಾಗಿದಾಗ ಸೊಂಟದ ಸ್ನಾಯುಗಳು ಕೆಲಸ ನಿಲ್ಲಿಸಿ ವಿಶ್ರಮಿಸುತ್ತವೆ. ದೀರ್ಘಕಾಲದ ನೋವಿರುವ ಅನೇಕರಲ್ಲಿ ಅವು ಆ ಕೊನೆಯ ಹಂತದಲ್ಲೂ ಬಿಡುವುದಿಲ್ಲ. ಕಾಪಾಡಲೆಂದು ಹಿಡಿದ ಬಿಗಿಯೇ ದಣಿವಾಗಿ, ದಣಿವು ಮತ್ತೆ ನೋವಾಗುತ್ತದೆ.

ಮನಸ್ಸು ಈ ಲೆಕ್ಕಕ್ಕೆ ಬರುವುದು ಇಲ್ಲಿಯೇ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು ನೋವನ್ನು ಸಂವೇದನೆಯೂ ಭಾವನೆಯೂ ಬೆರೆತ ಅಹಿತಕರ ಅನುಭವವೆಂದು ವ್ಯಾಖ್ಯಾನಿಸುತ್ತದೆ. ‘ಹಾಗಾದರೆ ನನ್ನ ನೋವು ಬರೀ ಭ್ರಮೆಯೇ?’ ಎಂದು ಕೆಲವರು ಸಿಟ್ಟಾಗುತ್ತಾರೆ. ಖಂಡಿತ ಅಲ್ಲ, ನೋವು ನಿಜ, ಅದರ ತೀವ್ರತೆಯನ್ನು ನರಮಂಡಲ ಏರಿಸಲೂ ಬಲ್ಲದು, ಇಳಿಸಲೂ ಬಲ್ಲದು. ನಿದ್ರೆಗೆಟ್ಟ ರಾತ್ರಿಯ ಮರುದಿನ ಅದೇ ಸೊಂಟ ಹೆಚ್ಚು ನೋಯುವುದು ಹೀಗೆ. ಖಿನ್ನತೆ ಇರುವವರಿಗೆ ಬೆನ್ನುನೋವು ಬರುವ ಸಾಧ್ಯತೆ ಹೆಚ್ಚು; ತಿಂಗಳುಗಟ್ಟಲೆ ನೋವು ತಿಂದವರು ಖಿನ್ನತೆಗೆ ಜಾರುವುದೂ ಅಷ್ಟೇ ಸಾಮಾನ್ಯ. ಕುಗ್ಗಿ ಕೂತಾಗ ಎದೆಗೂಡು ಪೂರ್ತಿ ಹಿಗ್ಗದೆ ಉಸಿರು ಗಿಡ್ಡವಾಗುತ್ತದೆ, ಆತಂಕವಿರುವವರಿಗೆ ಇದು ಬೇಗ ತಿಳಿಯುತ್ತದೆ. ಹಾಗೆಂದು ಎದೆಯುಬ್ಬಿಸಿ ನಿಂತರೆ ಹಾರ್ಮೋನುಗಳೇ ಬದಲಾಗುತ್ತವೆ ಎಂದು 2010ರಲ್ಲಿ ಸುದ್ದಿಯಾದ ಸಂಶೋಧನೆಯನ್ನು ನಾನು ರೋಗಿಗಳಿಗೆ ಹೇಳುವುದಿಲ್ಲ; ಹೆಚ್ಚು ಜನರ ಮೇಲೆ ಮತ್ತೆ ನಡೆಸಿದ ಪ್ರಯೋಗದಲ್ಲಿ ಆ ಫಲಿತಾಂಶ ದೊರೆಯಲಿಲ್ಲ.

ಆದ್ದರಿಂದ ನನ್ನ ಸಲಹೆಗಳು ಸಪ್ಪೆ ಎನಿಸಬಹುದು. ಬೆನ್ನಿಗೆ ಆಸರೆ ಕೊಟ್ಟು ಹಾಯಾಗಿ ಕೂತು, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ನೋವು ಬಂದ ಮೊದಲ ಒಂದೆರಡು ದಿನದ ಆಚೆಗೆ ಹಾಸಿಗೆ ಹಿಡಿಯಬಾರದು; ದಿನಗಟ್ಟಲೆ ಮಲಗಿದರೆ ಸ್ನಾಯು ಸೊರಗುತ್ತದೆ, ಧೈರ್ಯವೂ ಕುಂದುತ್ತದೆ. ಬೆಲ್ಟ್, ವಿಶೇಷ ಕುರ್ಚಿಗಳಿಗೆ ಹಣ ಸುರಿಯುವ ಮೊದಲು ನಡಿಗೆಯನ್ನೂ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಕೆಲವು ವಾರ ಪ್ರಾಮಾಣಿಕವಾಗಿ ಮಾಡಿ ನೋಡಬೇಕು. ಭಯಪಟ್ಟು ಬಿಟ್ಟಿದ್ದ ಚಲನೆಗಳನ್ನು ನಾವು ಹಂತಹಂತವಾಗಿ ಮರಳಿ ತರುತ್ತೇವೆ: ಮೊದಲು ಕೂತಲ್ಲೇ ಉಸಿರು ಬಿಡುತ್ತ ಮಂಡಿಯವರೆಗೆ, ಆಮೇಲೆ ಪಾದದವರೆಗೆ, ಕೊನೆಗೆ ನಿಂತು ನೆಲದ ಚಪ್ಪಲಿಯವರೆಗೆ.

ಈ ನಿಧಾನದ ದಾರಿ ಎಲ್ಲ ಬೆನ್ನುನೋವಿಗೂ ಹೊಂದುವುದಿಲ್ಲ. ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿದರೆ, ತೊಡೆಗಳ ಸಂದಿಯಲ್ಲಿ ಸ್ಪರ್ಶ ತಿಳಿಯದಾದರೆ, ಕಾಲಿನ ಬಲ ದಿಢೀರನೆ ಕುಂದಿದರೆ ಯಾವ ವ್ಯಾಯಾಮಕ್ಕೂ ಕಾಯದೆ ತಕ್ಷಣ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಹಿಂದೆ ಕ್ಯಾನ್ಸರ್ ಆಗಿದ್ದ ಇತಿಹಾಸ, ಬಿದ್ದು ಪೆಟ್ಟಾಗಿರುವುದು, ಇವುಗಳ ಜೊತೆ ಬಂದ ನೋವನ್ನೂ ಮೊದಲು ವೈದ್ಯರು ನೋಡಬೇಕು, ನಮ್ಮ ಸರದಿ ಆಮೇಲೆ.