ಪೇಪರ್ ಓದಲಿಕ್ಕೂ ದುಡ್ಡು, ಬರೆಯಲಿಕ್ಕೂ ದುಡ್ಡು

ಬಾಗಲಕೋಟೆ, ವಿಜಯಪುರ ಕಡೆ ದಾಳಿಂಬೆ ಹಾಕಿದವರಿಗೆ ದುಂಡಾಣು ಅಂಗಮಾರಿ ರೋಗದ ಪರಿಚಯ ಮಾಡಿಕೊಡಬೇಕಾಗಿಲ್ಲ. ಕಾಯಿ ಮೇಲೆ ಎಣ್ಣೆ ಹಚ್ಚಿದಂಥ ಕಪ್ಪು ಚುಕ್ಕೆ ಏಳುತ್ತವೆ, ಆಮೇಲೆ ಕಾಯಿ ಸೀಳುತ್ತದೆ, ವ್ಯಾಪಾರಿ ತೋಟದ ಕಡೆ ತಿರುಗಿಯೂ ನೋಡುವುದಿಲ್ಲ. ಇದನ್ನು ತರುವುದು ಕ್ಸಾಂಥೋಮೊನಾಸ್ ಅನ್ನುವ ಬ್ಯಾಕ್ಟೀರಿಯಾ. ಮಳೆ ಹನಿ ಸಿಡಿದಾಗ, ಗಾಳಿ ಬೀಸಿದಾಗ, ಚಾಟ್ನಿ ಮಾಡುವ, ಅಂದರೆ ಕೊಂಬೆ ಸವರುವ, ಕತ್ತರಿಗೆ ಅಂಟಿಕೊಂಡಾಗ ಅದು ಗಿಡದಿಂದ ಗಿಡಕ್ಕೆ ದಾಟುತ್ತದೆ.

ಇದರ ಬಗ್ಗೆ ಸಂಶೋಧನೆಗೆ ಕೊರತೆಯಿಲ್ಲ. ಬಾಗಲಕೋಟೆಯಲ್ಲೇ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. ವಿಜಯಪುರ ದಾಟಿ ಸೊಲ್ಲಾಪುರಕ್ಕೆ ಹೋದರೆ ದಾಳಿಂಬೆಗೆಂದೇ ಒಂದು ರಾಷ್ಟ್ರೀಯ ಸಂಶೋಧನಾ ಕೇಂದ್ರ ಇದೆ. ಆದರೆ ಈ ರೋಗದ ಮೇಲೆ ಒಂದು ಒಳ್ಳೆಯ ಪೇಪರ್, ಅಂದರೆ ಸಂಶೋಧನಾ ಲೇಖನ, ವಿದೇಶಿ ಜರ್ನಲ್‌ನಲ್ಲಿ (ಸಂಶೋಧನೆ ಪ್ರಕಟಿಸುವ ಪತ್ರಿಕೆಯಲ್ಲಿ) ಬಂತು ಅಂದುಕೊಳ್ಳಿ. ಇಲಕಲ್ಲಿನಲ್ಲಿ ಔಷಧದ ಅಂಗಡಿ ಇಟ್ಟುಕೊಂಡು ರೈತರಿಗೆ ಸಲಹೆ ಕೊಡುವ ಕೃಷಿ ಪದವೀಧರರೊಬ್ಬರು ಅದನ್ನು ಮೊಬೈಲಿನಲ್ಲಿ ತೆರೆದರೆ ಎಷ್ಟೋ ಸಲ ಸಾರಾಂಶ ಮಾತ್ರ ಕಾಣುತ್ತದೆ. ಪೂರ್ತಿ ಬೇಕಾದರೆ 30-40 ಡಾಲರ್ ಕಟ್ಟಬೇಕು. ಒಂದೇ ಒಂದು ಪೇಪರಿಗೆ!

ಈ ದುಡ್ಡು ಸಂಶೋಧಕರಿಗೆ ಹೋಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಒಂದು ಪೈಸೆಯೂ ಹೋಗುವುದಿಲ್ಲ. ಸಂಶೋಧನೆಗೆ ಹಣ ಹಾಕುವುದು ಹೆಚ್ಚಾಗಿ ಸರ್ಕಾರ, ಅಂದರೆ ನಾವೇ. ಬರೆಯುವವರು ಪುಕ್ಕಟೆ ಬರೆಯುತ್ತಾರೆ, ಅದು ಸರಿಯಿದೆಯೋ ಇಲ್ಲವೋ ಅಂತ ಪರೀಕ್ಷಿಸುವ ಬೇರೆ ವಿಜ್ಞಾನಿಗಳು, ಅಂದರೆ ರಿವ್ಯೂ ಮಾಡುವವರು, ಅವರೂ ಪುಕ್ಕಟೆ ಮಾಡುತ್ತಾರೆ. ಬೆಳಗಾವಿ ಕಡೆ ಕಬ್ಬಿನ ಬಿಲ್ಲು ತಡವಾಗಿಯಾದರೂ ಬರುತ್ತದೆ. ಇಲ್ಲಿ ಬಿಲ್ಲೇ ಇಲ್ಲ, ಮೇಲಿಂದ ತಾನು ಬೆಳೆದದ್ದನ್ನು ತಾನೇ ದುಡ್ಡು ಕೊಟ್ಟು ವಾಪಸ್ ತರಬೇಕು.

ಸರ್ಕಾರ ಇದಕ್ಕೊಂದು ಉಪಾಯ ಮಾಡಿದೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಯಲ್ಲಿ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿಟ್ಟು, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳನ್ನು 6,300 ಸರ್ಕಾರಿ ಸಂಸ್ಥೆಗಳಿಗೆ ತೆರೆದಿಟ್ಟಿದ್ದಾರೆ. ಕೆಲವು ಜರ್ನಲ್‌ಗಳು ಲೇಖಕರಿಂದ ಕೇಳುವ ಫೀಗೆ ಅಂತಲೂ ಒಂದಿಷ್ಟು ಹಣ ಇದೆ. ಸರ್ಕಾರಿ ಕಾಲೇಜಿನ ಹುಡುಗ ಹುಡುಗಿಯರಿಗೆ ಇದರಿಂದ ನಿಜವಾಗಿಯೂ ಅನುಕೂಲ ಆಗಿದೆ, ಅದನ್ನು ಇಲ್ಲ ಅನ್ನಲಾಗದು. ಆದರೆ ಇಲಕಲ್ಲಿನ ಆ ಅಂಗಡಿಯವರು ಹೊರಗೇ ಉಳಿದರು. ದುಡ್ಡು ಹೋಗುವುದು ಅದೇ ಪ್ರಕಾಶಕರಿಗೆ. ಚಂದಾ ನಿಲ್ಲಿಸಿದ ದಿನ ಬಾಗಿಲು ಮತ್ತೆ ಮುಚ್ಚುತ್ತದೆ.

ಇನ್ನೊಂದು ದಾರಿ ಓಪನ್ ಆ್ಯಕ್ಸೆಸ್. ಓದುಗರಿಗೆ ಪೂರ್ತಿ ಉಚಿತ. 2002ರಲ್ಲಿ ಬುಡಾಪೆಸ್ಟ್‌ನಿಂದ ಹೊರಟ ಘೋಷಣೆಯ ಆಸೆಯೂ ಇದೇ ಆಗಿತ್ತು. ಪ್ರಕಾಶಕರು ಏನು ಮಾಡಿದರು ಗೊತ್ತಾ? ಓದುಗರ ಹತ್ತಿರ ವಸೂಲಿ ಮಾಡುವುದನ್ನು ಬಿಟ್ಟು ಲೇಖಕರ ಹತ್ತಿರ ಶುರು ಮಾಡಿದರು. ಇದಕ್ಕೆ ಎಪಿಸಿ ಅನ್ನುತ್ತಾರೆ, ಪೇಪರ್ ಒಪ್ಪಿಗೆಯಾದ ಮೇಲೆ ಕಟ್ಟುವ ಫೀ. 'ನೇಚರ್' ಪತ್ರಿಕೆ 2021ರಲ್ಲಿ ಇಟ್ಟ ಫೀ 9,500 ಯೂರೋ. ಆಗಿನ ದರದಲ್ಲೇ 8 ಲಕ್ಷ ರೂಪಾಯಿ ದಾಟುತ್ತದೆ. ಯುಜಿಸಿ ಸಂಶೋಧನಾ ವಿದ್ಯಾರ್ಥಿಗಳಿಗೆ ಕೊಡುವ ಜೆಆರ್‌ಎಫ್ ಫೆಲೋಶಿಪ್ ಸಿಕ್ಕ ಸ್ಕಾಲರ್‌ಗೆ ತಿಂಗಳಿಗೆ 37,000. ಅಂದರೆ ಹೆಚ್ಚು ಕಡಿಮೆ ಎರಡು ವರ್ಷದ ಫೆಲೋಶಿಪ್ ಒಂದೇ ಪೇಪರಿಗೆ. ಅದೂ ಜೆಆರ್‌ಎಫ್ ಇದ್ದವರ ಮಾತು. ನಮ್ಮ ಕಡೆ ಗೆಸ್ಟ್ ಲೆಕ್ಚರರ್ ಆಗಿ ದುಡಿಯುತ್ತ ಪಿಎಚ್‌ಡಿ ಮಾಡುವವರೇ ಜಾಸ್ತಿ, ಅಲ್ವಾ? 'ನೇಚರ್' ತುತ್ತ ತುದಿಯ ಉದಾಹರಣೆ, ನಿಜ. ಅದರ ಕೆಳಗಿನ ಜರ್ನಲ್‌ಗಳಲ್ಲೂ ಸಾವಿರ, ಎರಡು ಸಾವಿರ ಡಾಲರ್ ಕೇಳುವುದು ಮಾಮೂಲು. ಬಡ ದೇಶಗಳ ಲೇಖಕರಿಗೆ ಹಲವು ಪ್ರಕಾಶಕರು ಫೀ ಮಾಫಿ ಮಾಡುತ್ತಾರೆ, ಆದರೆ ಆ ಪಟ್ಟಿಯಲ್ಲಿ ಭಾರತ ಹೆಚ್ಚಾಗಿ ಇರುವುದಿಲ್ಲ. ನಮ್ಮ ಒಟ್ಟು ಆರ್ಥಿಕತೆ ದೊಡ್ಡದು ಅನ್ನುವ ಲೆಕ್ಕ.

ಈ ಸಂದಿಯಲ್ಲೇ ನಕಲಿ ಜರ್ನಲ್‌ನವರು ನುಗ್ಗುವುದು. ಸ್ಕಾಲರ್‌ಗಳ ವಾಟ್ಸಾಪ್ ಗ್ರೂಪಿನಲ್ಲಿ ಇದ್ದವರಿಗೆ ಆ ಮೆಸೇಜ್ ಗೊತ್ತು: ಒಂದೆರಡು ಸಾವಿರ ಕಟ್ಟಿ, ಎರಡು ದಿನದಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಫ್ರೀ. ರಿವ್ಯೂ ಗಿವ್ಯೂ ಏನೂ ಇಲ್ಲ. ಪೇಪರ್ ಇದ್ದರೆ ಪಿಎಚ್‌ಡಿ, ಪೇಪರ್ ಇದ್ದರೆ ಪ್ರಮೋಷನ್ ಅನ್ನುವ ನಿಯಮ ವರ್ಷಾನುಗಟ್ಟಲೆ ಇದ್ದ ಊರಿನಲ್ಲಿ ಈ ಅಂಗಡಿ ನಡೆಯದೇ ಇರುತ್ತದೆಯೇ.

ಹಾಗಾದರೆ ಎರಡೂ ಕಡೆ ಉಚಿತ ಮಾಡಲಿಕ್ಕೆ ಆಗುವುದೇ ಇಲ್ಲವೇ? ಆಗುತ್ತದೆ, ಆಗಿದೆ. ಇದಕ್ಕೆ ಡೈಮಂಡ್ ಓಪನ್ ಆ್ಯಕ್ಸೆಸ್ ಅಂತ ಹೆಸರು. ನನಗೆ ಬಹಳ ಇಷ್ಟವಾದ ಕಥೆ 2001ರದ್ದು. 'ಮಷಿನ್ ಲರ್ನಿಂಗ್' ಅನ್ನುವ ಜರ್ನಲ್‌ನ ಸಂಪಾದಕ ಮಂಡಳಿಯ 40 ಜನ ಒಟ್ಟಿಗೆ ರಾಜೀನಾಮೆ ಕೊಟ್ಟರು. ನಾವು ಬರೆದದ್ದನ್ನು ಇಷ್ಟು ದುಬಾರಿ ಮಾಡಿ ಜನರಿಂದ ದೂರ ಇಡುವುದು ಸರಿಯಲ್ಲ ಅನ್ನುವುದು ಅವರ ತಕರಾರು. ಅಷ್ಟರಲ್ಲಿ ಅಮೆರಿಕದ ಎಂಐಟಿಯ ಲೆಸ್ಲಿ ಕೆಲ್ಬ್ಲಿಂಗ್ 'ಜರ್ನಲ್ ಆಫ್ ಮಷಿನ್ ಲರ್ನಿಂಗ್ ರಿಸರ್ಚ್' ಅಂತ ಹೊಸದನ್ನು ಶುರು ಮಾಡಿದ್ದರು. ಬರೆಯುವವರಿಗೂ ಉಚಿತ, ಓದುವವರಿಗೂ ಉಚಿತ. ಪುಟ ಜೋಡಿಸುವ ಕೆಲಸವನ್ನು ಲೇಖಕರೇ ಸಿದ್ಧ ನಮೂನೆಯಲ್ಲಿ ಮಾಡುತ್ತಾರೆ, ಸಂಪಾದಕರು ಸಂಬಳವಿಲ್ಲದೆ ದುಡಿಯುತ್ತಾರೆ, ವೆಬ್‌ನಲ್ಲೇ ಎಲ್ಲ ಸಿಗುತ್ತದೆ. ಇವತ್ತು ಎಲ್ಲರ ಬಾಯಲ್ಲೂ ಇರುವ ಎಐ ಕ್ಷೇತ್ರದಲ್ಲಿ ಅದು ಎತ್ತರದ ಜರ್ನಲ್‌ಗಳಲ್ಲಿ ಒಂದು. ಫೀ ಇಲ್ಲದಿದ್ದರೆ ಗುಣಮಟ್ಟ ಇರುವುದಿಲ್ಲ ಅನ್ನುವವರಿಗೆ ನಾನು ಇದನ್ನೇ ತೋರಿಸುವುದು.

ಇಂಥವು ಅಲ್ಲೊಂದು ಇಲ್ಲೊಂದು ಅಂದುಕೊಳ್ಳಬೇಡಿ. 2021ರ ಒಂದು ದೊಡ್ಡ ಅಧ್ಯಯನದ ಅಂದಾಜಿನಲ್ಲಿ ಜಗತ್ತಿನಲ್ಲಿ ಡೈಮಂಡ್ ಜರ್ನಲ್‌ಗಳು 29,000ದವರೆಗೆ ಇರಬಹುದು, ಒಟ್ಟು ಪೇಪರ್‌ಗಳಲ್ಲಿ ಶೇಕಡಾ 8-9 ಅಲ್ಲೇ ಬರುತ್ತವೆ. ಬ್ರೆಜಿಲ್‌ನಲ್ಲಿ 1998ರಲ್ಲಿ ಸರ್ಕಾರದ ಹಣದಿಂದ 'ಸೈಯೆಲೋ' ಅನ್ನುವ ಜಾಲತಾಣ ಕಟ್ಟಿದರು. ಲ್ಯಾಟಿನ್ ಅಮೆರಿಕದಲ್ಲಿ ಜರ್ನಲ್ ನಡೆಸುವುದು ಹೆಚ್ಚಾಗಿ ವಿಶ್ವವಿದ್ಯಾಲಯಗಳೇ, ಲೈಬ್ರರಿ ನಡೆಸಿದ ಹಾಗೆ. ಅಲ್ಲಿನ ರೈತರಿಗೆ, ದಾದಿಯರಿಗೆ, ಶಾಲೆ ಮೇಷ್ಟ್ರಿಗೆ ತಮ್ಮ ಭಾಷೆಯಲ್ಲೇ ಎಷ್ಟೋ ಸಂಶೋಧನೆ ಓದಲಿಕ್ಕೆ ಸಿಗುತ್ತದೆ. ಇದು ನನಗೆ ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯ.

ಖರ್ಚು ಇಲ್ಲವೇ ಇಲ್ಲ ಅಂತಲ್ಲ. ಸರ್ವರ್ ಬೇಕು, ಭಾಷೆ ತಿದ್ದುವವರು ಬೇಕು, ಪ್ರತಿ ಪೇಪರಿಗೆ ಡಿಒಐ ಅನ್ನುವ ಕಾಯಂ ಗುರುತಿನ ನಂಬರ್ ಕೊಡಿಸಬೇಕು, ಐವತ್ತು ವರ್ಷದ ಮೇಲೂ ಫೈಲ್ ಉಳಿಯುವ ಹಾಗೆ ಕಾಪಿಡಬೇಕು. ಎಲ್ಲವನ್ನೂ ಸುಮ್ನೆ ಪುಕ್ಕಟೆ ದುಡಿಮೆಯ ಮೇಲೆ ನಡೆಸಿದರೆ ಸಂಪಾದಕರು ನಿವೃತ್ತರಾದ ದಿನ ಜರ್ನಲ್ ನಿಲ್ಲುತ್ತದೆ, ಹಾಗೆ ನಿಂತವು ಬೇಕಾದಷ್ಟಿವೆ. ಡೈಮಂಡ್ ಜರ್ನಲ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ವರ್ಷಕ್ಕೆ 25 ಪೇಪರನ್ನೂ ಮುಟ್ಟುವುದಿಲ್ಲ. ಆದರೆ ಈ ಖರ್ಚು ಲಕ್ಷಗಟ್ಟಲೆ ಎಪಿಸಿಯ ಲೆಕ್ಕದ್ದಲ್ಲ. ಜರ್ನಲ್ ನಡೆಸುವ 'ಓಪನ್ ಜರ್ನಲ್ ಸಿಸ್ಟಮ್ಸ್' ಸಾಫ್ಟ್‌ವೇರ್ 2001ರಿಂದಲೂ ಉಚಿತವಾಗಿ ಸಿಗುತ್ತಿದೆ. ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ಮತ್ತು ವಿಟಿಯು, ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಬಾಗಲಕೋಟೆಯಲ್ಲಿ ತೋಟಗಾರಿಕೆಯದ್ದು. ನಾಲ್ಕೂ ಸೇರಿ ಒಂದು ಸರ್ವರ್ ಇಟ್ಟು, ಇಬ್ಬರಿಗೆ ಪೂರ್ಣಾವಧಿ ಸಂಬಳ ಕೊಟ್ಟರೆ ನಾಲ್ಕೈದು ಒಳ್ಳೆಯ ಜರ್ನಲ್‌ಗಳು ಎದ್ದು ನಿಲ್ಲಬಹುದು ಅಂತ ನನ್ನ ಅಂದಾಜು. ಪ್ರತಿ ಪೇಪರಿನ ಜೊತೆ ಒಂದು ಪುಟದ ಕನ್ನಡ ಸಾರಾಂಶ ಕಡ್ಡಾಯ ಮಾಡಿದರೆ ಇನ್ನೂ ಒಳ್ಳೆಯದು.

ಅಲ್ಲಿಯವರೆಗೆ ಪೇಪರ್ ಕಳಿಸಬೇಕಾದವರು ಡಿಒಎಜೆ ಅನ್ನುವ ಪಟ್ಟಿ ನೋಡಿ. ಅದರಲ್ಲಿ ಸೋಸಿ ನೋಡಿದ 20,000ಕ್ಕೂ ಜಾಸ್ತಿ ಓಪನ್ ಜರ್ನಲ್‌ಗಳಿವೆ. ಫೀ ಇಲ್ಲದವನ್ನು ಮಾತ್ರ ತೋರಿಸುವ ಆಯ್ಕೆಯೂ ಅಲ್ಲೇ ಇದೆ. ನಿಮ್ಮ ವಿಷಯ ಹಾಕಿ ಹುಡುಕಿ, ಸಿಕ್ಕಿದ್ದನ್ನು ಗೈಡ್ ಮುಂದೆ ಇಡಿ. ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಜರ್ನಲ್‌ನ ಪೇಪರ್‌ಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸುತ್ತಾರೆ ಅನ್ನುವ ಅಳತೆ, ಎಷ್ಟಪ್ಪಾ ಅಂತ ಅವರು ಕೇಳೇ ಕೇಳುತ್ತಾರೆ. ಕೆಲವಕ್ಕೆ ಅದೂ ಇದೆ.